ಪರದೆಯ ಬಣ್ಣ, ಕಾಗದದ ಬಣ್ಣ

ಶಾಲಾ ಸಮಾರಂಭದ ಚಿತ್ರ ಕಂಪ್ಯೂಟರ್ ಪರದೆಯಲ್ಲಿ ಬೆಳಗುತ್ತಿರುತ್ತದೆ. ಬೆಲೆಬಾಳುವ ಹತ್ತಿ ಕಾಗದದ ಮೇಲೆ ಮನೆಯಲ್ಲೇ ಮುದ್ರಿಸಿದಾಗ ಮಕ್ಕಳ ಮುಖಗಳು ಮಂಕಾಗಿ, ಸಮವಸ್ತ್ರದ ನೀಲಿ ನೇರಳೆಗೆ ತಿರುಗಿರುತ್ತದೆ. ಹಾಳೆ ಹಾಳು, ಹಣವೂ ಪೋಲು. ದೋಷ ಬಹುಮಟ್ಟಿಗೆ ಯಂತ್ರದ್ದಲ್ಲ.

ಪರದೆ ತಾನೇ ಬೆಳಕನ್ನು ಸೂಸುತ್ತದೆ; ಕಾಗದವು ತನ್ನ ಮೇಲೆ ಬಿದ್ದ ಬೆಳಕನ್ನಷ್ಟೇ ಹಿಂದಿರುಗಿಸಬಲ್ಲದು. ಆದುದರಿಂದ ಪಕ್ಕದಲ್ಲಿ ಹಿಡಿದ ಬಿಳಿ ಹಾಳೆಗೆ ಹೊಂದುವಷ್ಟು ಪರದೆಯ ಪ್ರಖರತೆಯನ್ನು ಮೊದಲು ತಗ್ಗಿಸಬೇಕು. ಹೊಳಪಿಲ್ಲದ ಹತ್ತಿ ಕಾಗದದಲ್ಲಿ ಕಪ್ಪು ಎಂದೂ ಹೊಳಪು ಕಾಗದದಷ್ಟು ಗಾಢವಾಗದು.

ಯಾವ ಪ್ರಿಂಟರ್, ಯಾವ ಶಾಯಿ, ಯಾವ ಕಾಗದ ಸೇರಿದರೆ ಬಣ್ಣ ಹೇಗೆ ಮೂಡುವುದೆಂದು ತಿಳಿಸುವ ಕಡತವೇ ಐಸಿಸಿ ಪ್ರೊಫೈಲ್. 1993ರಲ್ಲಿ ಸ್ಥಾಪನೆಯಾದ ಅಂತಾರಾಷ್ಟ್ರೀಯ ಬಣ್ಣ ಒಕ್ಕೂಟದಿಂದ ಅದಕ್ಕೆ ಈ ಹೆಸರು. ಹಲವು ಕಾಗದ ತಯಾರಕರು ಇದನ್ನು ಉಚಿತವಾಗಿ ಕೊಡುತ್ತಾರೆ. ಮುದ್ರಿಸುವ ತಂತ್ರಾಂಶದಲ್ಲಿ ಅದನ್ನು ಆರಿಸಿದ ಮೇಲೆ ಪ್ರಿಂಟರಿನ ಸ್ವಂತ ಬಣ್ಣ ತಿದ್ದುಪಡಿಯನ್ನು ನಿಲ್ಲಿಸಲೇಬೇಕು. ಇಲ್ಲವಾದರೆ ಬಣ್ಣಕ್ಕೆ ಎರಡು ಬಾರಿ ತಿದ್ದುಪಡಿಯಾಗುತ್ತದೆ. ಒಬ್ಬ ದುಭಾಷಿ ಅನುವಾದಿಸಿದ ಮಾತನ್ನು ಇನ್ನೊಬ್ಬ ಮತ್ತೆ ಅನುವಾದಿಸಿದರೆ ಏನಾಗುವುದೆಂದು ಗಡಿನಾಡಿನವರಿಗೆ ವಿವರಿಸಬೇಕಿಲ್ಲ.

ಅದೇ ಕಾಗದದ ತುಂಡಿನ ಮೇಲೆ ಮುಖದ ಭಾಗವನ್ನಷ್ಟೇ ಮೊದಲು ಮುದ್ರಿಸಿ, ಶಾಯಿ ಒಣಗಲು ಬಿಟ್ಟು, ಕಿಟಕಿಯ ಬಳಿ ಹಗಲು ಬೆಳಕಿನಲ್ಲಿ ನೋಡಿರಿ. ಹಳದಿ ದೀಪದಡಿ ನೀಲಿ ಮಂಕಾಗಿಯೇ ಕಾಣುತ್ತದೆ.