ದಿನಕ್ಕೊಂದು ಕೇಳಿದರೆ ಇಪ್ಪತ್ತೆರಡು ವರ್ಷ

42,041 ಫೋನ್ ಕರೆ. 25,964 ಪತ್ರ ಮತ್ತು ಇಮೇಲ್. 8,013 ಖಾಸಗಿ ಭೇಟಿ. ಆಸ್ಟ್ರೇಲಿಯಾದಲ್ಲಿ ಒಂದು ರಾಯಲ್ ಕಮಿಷನ್, ಅಂದರೆ ಸರ್ಕಾರ ನೇಮಿಸಿದ ತನಿಖಾ ಆಯೋಗ, 2013ರಿಂದ 2017ರವರೆಗೆ ಕೇಳಿಸಿಕೊಂಡದ್ದರ ಲೆಕ್ಕವಿದು. ಅನಾಥಾಶ್ರಮ, ಶಾಲೆ, ಚರ್ಚು, ಸರ್ಕಾರಿ ಬಾಲಗೃಹ, ಆಟದ ಕ್ಲಬ್ಬು ಎಲ್ಲ ಕಡೆ ಮಕ್ಕಳ ಮೇಲೆ ನಡೆದ ಲೈಂಗಿಕ ದೌರ್ಜನ್ಯ ಅದರ ವಿಷಯ. ಅದಕ್ಕಿಂತ ಮುಖ್ಯವಾಗಿ, ವಿಷಯ ಕಿವಿಗೆ ಬಿದ್ದ ಮೇಲೆ ಆ ಸಂಸ್ಥೆಗಳನ್ನು ನಡೆಸುತ್ತಿದ್ದವರು ಏನು ಮಾಡಿದರು ಎಂಬುದು.

ಖಾಸಗಿ ಭೇಟಿಗೆ ಅವಕಾಶವಾಗಲೆಂದೇ ಇಂಥ ಆಯೋಗಗಳ ಕಾಯ್ದೆಗೆ ತಿದ್ದುಪಡಿ ತರಬೇಕಾಯಿತು. ಪ್ರಮಾಣವಚನವಿಲ್ಲ, ಪಾಟೀಸವಾಲಿಲ್ಲ, ಎದುರುಪಕ್ಷದ ವಕೀಲರಿಲ್ಲ. ಒಂದು ಕೋಣೆಯಲ್ಲಿ ಆಯೋಗದ ಸದಸ್ಯರು ಕೂರುತ್ತಾರೆ, ಬಂದವರು ಮಾತಾಡುತ್ತಾರೆ, ಅಷ್ಟೆ. ಅಧ್ಯಕ್ಷರಾದ ನ್ಯಾಯಮೂರ್ತಿ ಪೀಟರ್ ಮೆಕ್ಲೆಲನ್ ಸೇರಿ ಆಯೋಗದಲ್ಲಿದ್ದವರು ಆರು ಮಂದಿ. ಇಂಥ 8,013 ಭೇಟಿಗಳನ್ನು ನೀವೊಬ್ಬರೇ, ದಿನಕ್ಕೊಂದರಂತೆ, ಯುಗಾದಿ ದೀಪಾವಳಿಗೂ ರಜೆ ಹಾಕದೆ ಕೇಳಿ ಮುಗಿಸಲು ಹೊರಟರೆ ಸುಮಾರು 22 ವರ್ಷ ಬೇಕು. ಹಾಗೆ ಬಂದು ಹೇಳಿದವರಲ್ಲಿ ಹತ್ತರಲ್ಲೊಬ್ಬರು ಆಗ ಜೈಲಿನಲ್ಲಿದ್ದರು. ಬಾಲಗೃಹದಿಂದ ಜೈಲಿಗೆ ದಾರಿ ಎಷ್ಟು ಹತ್ತಿರವಿತ್ತೆಂದು ತಿಳಿಯಲು ಬೇರೆ ಸಂಶೋಧನೆ ಬೇಕೇ?

ಹೆಸರು ಕೇಳಿಬಂದ ಸಂಸ್ಥೆಗಳು 4,000ಕ್ಕೂ ಹೆಚ್ಚು. ಸುದ್ದಿಯಲ್ಲಿ ಮೆರೆದದ್ದು ಚರ್ಚು, ಕಾರಣವೂ ಇತ್ತು. 1980ರಿಂದ 2015ರವರೆಗೆ ಕ್ಯಾಥೊಲಿಕ್ ಚರ್ಚಿನ ಸಂಸ್ಥೆಗಳ ಮುಂದೆ ದೂರು ತಂದವರೇ 4,444 ಜನ. ಆದರೆ ಖಾಸಗಿ ಭೇಟಿಗೆ ಬಂದವರಲ್ಲಿ ಸುಮಾರು ಮೂರರಲ್ಲೊಬ್ಬರು ಹೇಳಿದ್ದು ಸರ್ಕಾರವೇ ನಡೆಸುತ್ತಿದ್ದ ಸಂಸ್ಥೆಗಳ ಕತೆ. ಸಿಡ್ನಿ ಬಳಿಯ ಪ್ಯಾರಮಾಟಾದಲ್ಲಿ ನ್ಯೂ ಸೌತ್ ವೇಲ್ಸ್ ಸರ್ಕಾರದ ಹೆಣ್ಣುಮಕ್ಕಳ ತರಬೇತಿ ಶಾಲೆ ಇತ್ತು. ಅಪರಾಧವನ್ನೇ ಮಾಡದ ಹುಡುಗಿಯರನ್ನೂ 'ನೈತಿಕ ಅಪಾಯದಲ್ಲಿದ್ದಾರೆ' ಎಂದು ನ್ಯಾಯಾಲಯ ಅಲ್ಲಿಗೆ ಅಟ್ಟುತ್ತಿತ್ತು. ಅಪಾಯದಿಂದ ಕಾಪಾಡುತ್ತೇವೆಂದು ಕರೆದೊಯ್ದವರ ಕೈಯಲ್ಲೇ ಅವರಿಗೆ ಅಪಾಯವಾಯಿತು. ಇಂಥಲ್ಲಿ ಸರ್ಕಾರ ನ್ಯಾಯ ಹೇಳುವ ಜಾಗದಲ್ಲಿ ಕೂರಲಾಗದು. ಅದು ನಿಲ್ಲಬೇಕಾದದ್ದು ಕಟಕಟೆಯಲ್ಲಿ.

ಈ ಅಂಕಿಗಳ ನಡುವೆ ನನ್ನನ್ನು ತಡೆದು ನಿಲ್ಲಿಸಿದ್ದು ಒಂದು ಪುಟ್ಟ ಸಂಖ್ಯೆ: 23.9. ತನಗಾದದ್ದನ್ನು ಯಾರಿಗಾದರೂ ಹೇಳಲು ಒಬ್ಬರು ತೆಗೆದುಕೊಂಡ ಸರಾಸರಿ ವರ್ಷಗಳು. ಹೆಂಗಸರಿಗೆ 20.6, ಗಂಡಸರಿಗೆ 25.6. ಮೊದಲ ಸಲ ದೌರ್ಜನ್ಯ ನಡೆದಾಗ ಮಗುವಿಗೆ ಸರಾಸರಿ 10.4 ವರ್ಷ. ಎರಡನ್ನೂ ಕೂಡಿಸಿ. ಹತ್ತನೇ ವಯಸ್ಸಿನ ಮಗುವಿನ ಬಾಯಿ ತೆರೆಯುವುದು ಮೂವತ್ತನಾಲ್ಕಕ್ಕೆ.

ಹಳೆಯ ಕಾನೂನನ್ನು ಈ ಲೆಕ್ಕದ ಪಕ್ಕ ಇಟ್ಟು ನೋಡಿದರೆ ಮೈ ಉರಿಯುತ್ತದೆ. ಪರಿಹಾರಕ್ಕಾಗಿ ದಾವೆ ಹೂಡಲು ಕಾಲಮಿತಿ ಇತ್ತು. ಪ್ರಾಯಕ್ಕೆ ಬಂದ ಕೆಲವೇ ವರ್ಷಗಳಲ್ಲಿ ಅದು ಮುಗಿದುಹೋಗುತ್ತಿತ್ತು. ಹೇಳುವ ಧೈರ್ಯ ಬರುವ ಹೊತ್ತಿಗೆ ಕೋರ್ಟಿನ ಬಾಗಿಲಿಗೆ ಬೀಗ. ಸಂಸ್ಥೆಗಳ ವಕೀಲರಿಗೆ ಇದು ಚೆನ್ನಾಗಿಯೇ ಗೊತ್ತಿತ್ತು. ಈ ಮಿತಿ ತೆಗೆಯಿರಿ ಎಂದು ಆಯೋಗ 2015ರಲ್ಲಿ ಶಿಫಾರಸು ಮಾಡಿತು. ವಿಕ್ಟೋರಿಯಾ ರಾಜ್ಯ ಅದೇ ವರ್ಷ, ಶಿಫಾರಸಿಗೂ ತುಸು ಮುಂಚೆಯೇ, ತೆಗೆದುಹಾಕಿತ್ತು; ನ್ಯೂ ಸೌತ್ ವೇಲ್ಸ್ ಮರುವರ್ಷ ತೆಗೆಯಿತು.

17 ಸಂಪುಟಗಳ ಅಂತಿಮ ವರದಿ 2017ರ ಡಿಸೆಂಬರ್ 15ರಂದು ಸರ್ಕಾರದ ಕೈಸೇರಿತು. ಒಟ್ಟು ಶಿಫಾರಸು 409. ಮರುವರ್ಷ ಅಕ್ಟೋಬರ್ 22ರಂದು ಆಗಿನ ಪ್ರಧಾನಿ ಸ್ಕಾಟ್ ಮಾರಿಸನ್ ಸಂಸತ್ತಿನಲ್ಲಿ ಕ್ಷಮೆ ಕೇಳಿದರು.

ಹಣದ ಮಾತು ಬಂದಾಗ ಕೈ ಬಿಗಿಯಾಯಿತು. ಸಂತ್ರಸ್ತರಿಗಾಗಿ ಪರಿಹಾರ ಯೋಜನೆ ತನ್ನಿ, ಒಬ್ಬರಿಗೆ ಗರಿಷ್ಠ ಪರಿಹಾರ ಎರಡು ಲಕ್ಷ ಡಾಲರ್ ಇರಲಿ ಎಂದು ಆಯೋಗ ಹೇಳಿತ್ತು. ಸರ್ಕಾರ ಒಂದೂವರೆ ಲಕ್ಷಕ್ಕೆ ಇಳಿಸಿತು. ಅರ್ಹರು 60,000 ಮಂದಿ ಇದ್ದಾರೆಂಬುದು ಅಂದಾಜು. ಗರಿಷ್ಠ ಮೊತ್ತದಲ್ಲಿ ಐವತ್ತು ಸಾವಿರ ಕಡಿದದ್ದಕ್ಕೆ ಸಮರ್ಥನೆ ಏನೇ ಇರಲಿ, ಅದು ಜಿಪುಣತನದಂತೆಯೇ ಕಾಣುತ್ತದೆ. ಜೈಲಿನಲ್ಲಿದ್ದವರಿಗಂತೂ ಮೊದಲ ವರ್ಷಗಳಲ್ಲಿ ಅರ್ಜಿ ಹಾಕುವುದೇ ಬಲು ಕಷ್ಟವಿತ್ತು. 2024ರಲ್ಲಷ್ಟೇ ಆ ನಿಯಮ ಸಡಿಲವಾಯಿತು.

ಈ ಪರಿಹಾರ ಯೋಜನೆ ಶುರುವಾದದ್ದು 2018ರ ಜುಲೈ 1ರಂದು, ಅದೂ ಅದಕ್ಕಿಂತ ಮುಂಚೆ ನಡೆದ ದೌರ್ಜನ್ಯಕ್ಕೆ ಮಾತ್ರ. ಅರ್ಜಿ ಹಾಕಲು ಕೊನೆಯ ದಿನ 2027ರ ಜೂನ್ 30. ಆಯೋಗದ್ದೇ ಸರಾಸರಿ ಹಿಡಿದು ಲೆಕ್ಕ ಹಾಕಿದರೆ, 2018ರ ಆರಂಭದಲ್ಲಿ ನೋವುಂಡ ಹತ್ತು ವರ್ಷದ ಮಗು ಅದನ್ನು ಬಾಯಿಬಿಟ್ಟು ಹೇಳುವುದು 2042ರ ಸುಮಾರಿಗೆ.