ದೂರದ ಕಂಪ್ಯೂಟರಿಗೆ ಭದ್ರವಾದ ಬೀಗ

ಮಾಜಿವಾಡಾದಲ್ಲಿ ಮನೆ, ಮುಂಬಯಿಯಲ್ಲಿ ಕಚೇರಿ. ಇದು ನಮ್ಮ ಬಂಧುಗಳಲ್ಲಿ ಅನೇಕರ ಸ್ಥಿತಿ. 2020ರ ಮಾರ್ಚ್ ತಿಂಗಳಲ್ಲಿ ಲೋಕಲ್ ಗಾಡಿಗಳು ನಿಂತಾಗ, ಮನೆಯಲ್ಲಿ ಕುಳಿತೇ ಕಚೇರಿಯ ಕಂಪ್ಯೂಟರನ್ನು ನಡೆಸುವ ಪದ್ಧತಿ ಗುಮಾಸ್ತರಲ್ಲಿ ಬಹಳವಾಗಿ ಬಳಕೆಗೆ ಬಂದಿತು. ಇದಕ್ಕೆ ರಿಮೋಟ್ ಡೆಸ್ಕ್‌ಟಾಪ್ ಎಂದು ಹೆಸರು. ಅಲ್ಲಿಯ ಪರದೆ ಇಲ್ಲಿ ಕಾಣುತ್ತದೆ; ಇಲ್ಲಿ ಒತ್ತಿದ ಅಕ್ಷರ ಅಲ್ಲಿ ಮೂಡುತ್ತದೆ. ಅಂದಮೇಲೆ ಪಾಸ್‌ವರ್ಡ್ ತಿಳಿದ ಕಳ್ಳನೂ ನಿಮ್ಮ ಕುರ್ಚಿಯಲ್ಲಿ ಕುಳಿತಂತೆಯೇ ಸರಿ.

ವಿಂಡೋಸ್ 10 ಮತ್ತು 11ರ ಪ್ರೊ ಆವೃತ್ತಿಗಳಲ್ಲಿ ಈ ಸೌಕರ್ಯ ಉಂಟು. ಹೋಮ್ ಆವೃತ್ತಿಯ ಯಂತ್ರಕ್ಕೆ ಹೊರಗಿನಿಂದ ಹೀಗೆ ಪ್ರವೇಶಿಸಲಾಗದು. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರಲ್ಲಿ ರಿಮೋಟ್ ಡೆಸ್ಕ್‌ಟಾಪ್ ಎಂಬುದನ್ನು ತೆರೆದು ಚಾಲೂ ಮಾಡತಕ್ಕದ್ದು. ಇದಕ್ಕೆಂದು ಬೇರೆ ಪಾಸ್‌ವರ್ಡ್ ಇಲ್ಲ. ಖಾತೆಯ ಪಾಸ್‌ವರ್ಡೇ ಇಲ್ಲಿಯೂ ನಡೆಯುತ್ತದೆ. ಅದನ್ನು ಅಕೌಂಟ್ಸ್ ಭಾಗದ ಸೈನ್-ಇನ್ ಆಪ್ಷನ್ಸ್‌ನಲ್ಲಿ ಇಡಬೇಕು. ಪಾಸ್‌ವರ್ಡ್ ಇಲ್ಲದ ಖಾತೆಯನ್ನು ವಿಂಡೋಸ್ ಸಾಮಾನ್ಯವಾಗಿ ದೂರದಿಂದ ಒಳಗೆ ಬಿಡುವುದಿಲ್ಲ. ದಿನವೂ ಒತ್ತುವ ಪಿನ್ ಸಂಖ್ಯೆಯೂ ಇಲ್ಲಿ ಸಲ್ಲದು. ಅದು ಯಂತ್ರದ ಮುಂದೆಯೇ ಕುಳಿತವರಿಗೆ ಮಾತ್ರ. ಒಳಗೆ ಹೋಗಲಾಗದೆ ಬೇಸರಪಡುವವರು ಮೊದಲು ಇದನ್ನು ನೋಡಿಕೊಳ್ಳಬೇಕು.

ಪಾಸ್‌ವರ್ಡ್ ಎಂಥದಿರಬೇಕು? ನಾಲ್ಕು ಅಂಕಿಗಳಿಂದಾಗುವ ಸಂಖ್ಯೆಗಳು 10,000 ಮಾತ್ರ. ತಡೆಯುವವರಿಲ್ಲದಿದ್ದರೆ ಕಳ್ಳನ ಯಂತ್ರವು ಇವೆಲ್ಲವನ್ನೂ ಕ್ಷಣಮಾತ್ರದಲ್ಲಿ ಪ್ರಯೋಗಿಸಿ ನೋಡಬಲ್ಲದು. ಹುಟ್ಟಿದ ವರ್ಷ, ಮಗುವಿನ ಹೆಸರು, ಊರಿನ ಹೆಸರು ಬೇಡವೇ ಬೇಡ. ಉದ್ದವೇ ಬಲ. ಹಲಸು, ಕೊಡೆ, ಬೋಗಿ, ಅಟ್ಟ ಎಂಬಂತೆ ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಜೋಡಿಸಿದರೆ ನೆನಪಿಗೂ ಸುಲಭ, ಊಹೆಗೂ ಕಠಿಣ. ಇಲ್ಲಿ ಅಚ್ಚಾದ ಪದಗಳನ್ನು ಬಿಟ್ಟು ನಿಮ್ಮವನ್ನೇ ಆರಿಸಿರಿ. ಬೇರೆಲ್ಲೂ ಅದೇ ಪಾಸ್‌ವರ್ಡ್ ಇಡಬೇಡಿರಿ. ಕಚೇರಿಯವರು ವಿ.ಪಿ.ಎನ್. ಕೊಟ್ಟಿದ್ದರೆ ಅದರ ಮೂಲಕವೇ ಹೋಗುವುದು ಲೇಸು.

ಇನ್ನೊಂದು ಬಗೆಯ ಅಪಾಯವುಂಟು. ಎನಿಡೆಸ್ಕ್ ಮೊದಲಾದ ಆ್ಯಪ್‌ಗಳಿಂದ ಮೊಬೈಲನ್ನೂ ದೂರದಿಂದ ನಡೆಸಬಹುದು. ಆ್ಯಪ್ ಕೆಟ್ಟದ್ದಲ್ಲ, ಕರೆ ಮಾಡಿ ಕೇಳುವವನು ಕೆಟ್ಟವನು. "ಬ್ಯಾಂಕಿನಿಂದ ಮಾತನಾಡುತ್ತಿದ್ದೇನೆ" ಎಂದು ನಂಬಿಸಿ ಎನಿಡೆಸ್ಕ್ ಹಾಕಿಸಿ, ಅದರಲ್ಲಿ ಕಾಣುವ ಒಂಬತ್ತು ಅಂಕಿಗಳನ್ನು ಕೇಳಿ, ಹಣ ಎಳೆಯುವವರ ವಿಷಯವಾಗಿ ರಿಸರ್ವ್ ಬ್ಯಾಂಕು 2019ರ ಫೆಬ್ರವರಿಯಲ್ಲಿಯೇ ಬ್ಯಾಂಕುಗಳನ್ನು ಎಚ್ಚರಿಸಿತ್ತು. ಎಷ್ಟೇ ಉದ್ದದ ಪಾಸ್‌ವರ್ಡ್ ಇದ್ದರೂ, ಬಾಗಿಲನ್ನು ನಾವೇ ತೆರೆದುಕೊಟ್ಟ ಮೇಲೆ ಬೀಗ ಮಾಡುವುದೇನು?

ಮೋಸವಾಯಿತೆಂದು ತೋರಿದರೆ ನಾಚಿಕೊಂಡು ಕೂಡಬಾರದು. ಕೂಡಲೆ ಇಂಟರ್‌ನೆಟ್ ನಿಲ್ಲಿಸಿ, ಬೇರೊಂದು ಫೋನಿನಿಂದ 1930ಕ್ಕೂ ನಿಮ್ಮ ಬ್ಯಾಂಕಿಗೂ ತಿಳಿಸಿರಿ. ಬೇರೊಂದು ಯಂತ್ರದಿಂದ ಪಾಸ್‌ವರ್ಡ್ ಬದಲಿಸಿರಿ. ಕಚೇರಿಯ ಯಂತ್ರವಾದರೆ ಮೇಲಧಿಕಾರಿಗೂ ಹೇಳಿರಿ. ಬೇಗ ತಿಳಿಸಿದರೆ ಹಣವನ್ನು ತಡೆಹಿಡಿಯುವ ಸಂಭವ ಹೆಚ್ಚು. ತಿಂಗಳೆಲ್ಲ ದುಡಿದು ಊರಿಗೆ ಕಳುಹಿಸಬೇಕಾದ ಹಣ ಕಳ್ಳನ ಪಾಲಾಗದಿರಲಿ.