ವಿದ್ಯಾರ್ಥಿಯ ಜೇಬು: ಉಳಿತಾಯದ ಕತ್ತರಿ ಊಟಕ್ಕೆ ಬೀಳದಿರಲಿ

ಒಂದು ಕಾಲದಲ್ಲಿ ಮೈಸೂರು, ಬೆಂಗಳೂರಿನಂತಹ ಊರುಗಳಿಗೆ ಓದಲು ಬರುತ್ತಿದ್ದ ಅನೇಕ ಬಡ ಹುಡುಗರಿಗೆ ವಾರಾನ್ನವೇ ಆಧಾರವಾಗಿತ್ತು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ಏಳು ದಿನಕ್ಕೆ ಏಳು ಮನೆ. ಯಾವುದಾದರೂ ಮನೆಗೆ ಬೀಗ ಬಿದ್ದಿದ್ದರೆ ಆ ದಿನ ಹುಡುಗನಿಗೆ ಉಪವಾಸ. ಮುಂದೆ ಮಠಗಳ ಪ್ರಸಾದ ನಿಲಯಗಳು, ಸಮುದಾಯಗಳ ವಿದ್ಯಾರ್ಥಿ ನಿಲಯಗಳು, ಸರ್ಕಾರಿ ಹಾಸ್ಟೆಲ್‌ಗಳು ಆ ಸ್ಥಾನವನ್ನು ತುಂಬಿದವು. ತುಮಕೂರಿನ ಸಿದ್ಧಗಂಗೆಯಲ್ಲಿ ಇಂದಿಗೂ ಸಾವಿರಾರು ಮಕ್ಕಳು ಉಚಿತ ಅನ್ನ, ವಸತಿ ಪಡೆದು ಓದುತ್ತಿದ್ದಾರೆ.

ಇಂದಿನ ವಿದ್ಯಾರ್ಥಿಯ ಕಷ್ಟದ ರೂಪ ಬೇರೆ. ತಿಂಗಳ ಮೊದಲ ವಾರದಲ್ಲಿ ಊರಿನಿಂದ ಹಣ ಬರುತ್ತದೆ. ಮೂರನೆಯ ವಾರಕ್ಕೆ ಕರಗಿರುತ್ತದೆ. ಬಾಡಿಗೆಯನ್ನು ತಪ್ಪಿಸುವಂತಿಲ್ಲ, ಶುಲ್ಕವನ್ನು ಮುಂದೂಡುವಂತಿಲ್ಲ. ಆಗ ಮೊದಲು ಕತ್ತರಿ ಬೀಳುವುದು ಬೆಳಗಿನ ತಿಂಡಿಗೆ. ಹಸಿದ ಹೊಟ್ಟೆಯಲ್ಲಿ ಪಾಠ ಕೇಳಿ, ಸಂಜೆ ಕರಿದ ತಿಂಡಿಯಿಂದ ಹಸಿವು ನೀಗಿಸುವ ಈ ಉಳಿತಾಯ ಕಡೆಗೆ ಔಷಧದ ಅಂಗಡಿಗೆ ಸಂದಾಯವಾಗುವುದೇ ಹೆಚ್ಚು. ವಿದ್ಯಾರ್ಥಿಯ ನಿಜವಾದ ಉಳಿತಾಯ ದಿನನಿತ್ಯದ ಜಿಪುಣತನದಲ್ಲಿಲ್ಲ. ವರ್ಷದ ಆರಂಭದಲ್ಲಿ ಕೈಗೊಳ್ಳುವ ಮೂರು ನಾಲ್ಕು ನಿರ್ಧಾರಗಳಲ್ಲಿ ಅದು ಅಡಗಿದೆ.

ಕೋಣೆಯ ಲೆಕ್ಕ

ಮೊದಲ ನಿರ್ಧಾರ ವಾಸದ ಜಾಗ. ಕಾಲೇಜಿನ ಬಳಿ ತಿಂಗಳಿಗೆ 6,500 ರೂಪಾಯಿಯ ಕೋಣೆ, ಹತ್ತು ಕಿಲೋಮೀಟರ್ ಆಚೆ 5,000 ರೂಪಾಯಿಯ ಕೋಣೆ ಇವೆಯೆನ್ನೋಣ. ಎರಡನೆಯದು ಅಗ್ಗವೆಂದು ತೋರುತ್ತದೆ. ಆದರೆ ಓಡಾಟಕ್ಕೆ ದಿನಕ್ಕೆ 60 ರೂಪಾಯಿ ತಗುಲಿದರೆ 25 ದಿನಗಳಲ್ಲಿ 1,500 ರೂಪಾಯಿ ಆಯಿತು. ಲಾಭ ಸೊನ್ನೆ, ಹೋಗಿಬರುವ ಸಮಯ ಮಾತ್ರ ನಷ್ಟ. ಬಸ್ ಪಾಸ್ ಇರುವವರಿಗೆ ಇದೇ ಲೆಕ್ಕ ತಿರುವುಮುರುವಾಗಬಹುದು. ಆದ್ದರಿಂದ ಬಾಡಿಗೆ ಮತ್ತು ಪ್ರಯಾಣವನ್ನು ಕೂಡಿಸಿಯೇ ನೋಡಬೇಕು.

ಖಾಸಗಿ ಹಾಸ್ಟೆಲ್ ಅಥವಾ ಪಿಜಿ ಸೇರುವವರು ತಿಳಿದಿರಬೇಕಾದ ಇನ್ನೊಂದು ಸಂಗತಿಯಿದೆ. 2024ರ ಜೂನ್‌ನಲ್ಲಿ ನಡೆದ ಜಿಎಸ್‌ಟಿ ಮಂಡಳಿಯ ಸಭೆಯ ಶಿಫಾರಸಿನಂತೆ, ಒಬ್ಬರಿಗೆ ತಿಂಗಳಿಗೆ 20,000 ರೂಪಾಯಿ ಮೀರದ, ಕನಿಷ್ಠ 90 ದಿನಗಳ ಸತತ ವಾಸ್ತವ್ಯದ ವಸತಿ ಸೇವೆಗೆ ತೆರಿಗೆ ವಿನಾಯಿತಿ ನೀಡಲಾಗಿದೆ. ಬಿಲ್ಲಿನಲ್ಲಿ ತೆರಿಗೆಯ ಸಾಲು ಕಂಡರೆ ಕಾರಣ ಕೇಳುವ ಹಕ್ಕು ವಿದ್ಯಾರ್ಥಿಗಿದೆ. ಅಡ್ವಾನ್ಸ್ ಹಣಕ್ಕೆ ರಸೀದಿ ಪಡೆಯುವುದು, ಕೋಣೆ ಬಿಡುವಾಗ ಎಷ್ಟು ಕಡಿತವಾಗುತ್ತದೆ ಎಂಬುದನ್ನು ಮೊದಲೇ ಬರೆಸಿಕೊಳ್ಳುವುದು ಜಾಣತನ.

ಸರ್ಕಾರಿ ಮೆಟ್ರಿಕ್ ನಂತರದ ಹಾಸ್ಟೆಲ್‌ಗಳಿಗೂ ವಿದ್ಯಾರ್ಥಿವೇತನಕ್ಕೂ ಅರ್ಜಿ ಸಲ್ಲಿಸಲು ನಿಗದಿತ ಅವಧಿ ಇರುತ್ತದೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳ ಊಟ, ವಸತಿಗೆ ನೆರವಾಗಲೆಂದೇ ವಿದ್ಯಾಸಿರಿ ಯೋಜನೆ ಇದೆ. ಜಾತಿ ಮತ್ತು ಆದಾಯ ಪ್ರಮಾಣಪತ್ರ, ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ ಸಿದ್ಧವಿಲ್ಲದೆ ಅವಧಿ ಮೀರಿದರೆ, ಇಡೀ ವರ್ಷ ಚಹಾ ಬಿಟ್ಟರೂ ಆ ನಷ್ಟ ತುಂಬದು.

ಪ್ರಯಾಣದ ರಿಯಾಯಿತಿ

2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಡಿ, ರಾಜ್ಯದ ನಿವಾಸಿಗಳಾದ ವಿದ್ಯಾರ್ಥಿನಿಯರು ಸರ್ಕಾರಿ ಸಾರಿಗೆ ನಿಗಮಗಳ ಸಾಮಾನ್ಯ ಬಸ್‌ಗಳಲ್ಲಿ ಗುರುತಿನ ಚೀಟಿ ತೋರಿಸಿ ಉಚಿತವಾಗಿ ಸಂಚರಿಸಬಹುದು. ಹವಾನಿಯಂತ್ರಿತ ಹಾಗೂ ಐಷಾರಾಮಿ ಬಸ್‌ಗಳಿಗೆ ಇದು ಅನ್ವಯಿಸದು. ಹುಡುಗರಿಗೆ ರಿಯಾಯಿತಿ ದರದ ವಿದ್ಯಾರ್ಥಿ ಪಾಸ್ ಇದೆ. ಸೇವಾ ಸಿಂಧು ಜಾಲತಾಣದ ಮೂಲಕ ಅರ್ಜಿ ಸಲ್ಲಿಸಬೇಕು. ಪಾಸ್ ಪಡೆಯಲು ತಿಂಗಳೆರಡು ತಡ ಮಾಡಿ ದಿನವೂ ಟಿಕೆಟ್ ಕೊಳ್ಳುವವರು ಕಡಿಮೆಯಿಲ್ಲ.

ರೈಲಿನ ರಿಯಾಯಿತಿಯನ್ನು ಬಳಸುವವರು ಇನ್ನೂ ಕಡಿಮೆ. 2020ರಲ್ಲಿ ರೈಲ್ವೆಯ ಹಲವು ರಿಯಾಯಿತಿಗಳು ನಿಂತರೂ ವಿದ್ಯಾರ್ಥಿಗಳದು ಉಳಿದುಕೊಂಡಿತು. ರಜೆಗೆ ಸ್ವಂತ ಊರಿಗೆ ಹೋಗಿಬರಲು ಎರಡನೆಯ ದರ್ಜೆ ಮತ್ತು ಸ್ಲೀಪರ್‌ನಲ್ಲಿ ಸಾಮಾನ್ಯ ವರ್ಗದವರಿಗೆ ಶೇ. 50, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 75 ರಿಯಾಯಿತಿ ಇದೆ. ಅದಕ್ಕೆ ಕಾಲೇಜಿನ ಮುಖ್ಯಸ್ಥರ ಸಹಿಯಿರುವ ನಮೂನೆಯನ್ನು ನಿಲ್ದಾಣದ ಕೌಂಟರಿನಲ್ಲಿ ಕೊಡಬೇಕು. ಅಂತರ್ಜಾಲದಲ್ಲಿ ಕೊಳ್ಳುವ ಟಿಕೆಟ್ಟಿಗೆ ಈ ಸೌಲಭ್ಯವಿಲ್ಲ. ಮಂಡ್ಯದಿಂದ ಮೈಸೂರಿಗೆ ಓಡಾಡುವಂತಹ ನಿತ್ಯ ಪ್ರಯಾಣಿಕರಿಗೆ ವಿದ್ಯಾರ್ಥಿ ಸೀಸನ್ ಟಿಕೆಟ್ ಇದೆ. ಹುಡುಗರಿಗೆ ಹನ್ನೆರಡನೆಯ ತರಗತಿವರೆಗೆ, ಹುಡುಗಿಯರಿಗೆ ಪದವಿಯವರೆಗೆ ಎರಡನೆಯ ದರ್ಜೆಯ ಮಾಸಿಕ ಸೀಸನ್ ಟಿಕೆಟ್ ಉಚಿತ.

ಊಟ, ತಿಂಡಿ

ಅನೇಕ ಹಾಸ್ಟೆಲ್‌ಗಳಲ್ಲಿ ತಿಂಗಳ ಒಟ್ಟು ಅಡುಗೆ ವೆಚ್ಚವನ್ನು ಊಟ ಮಾಡಿದವರ ನಡುವೆ ಹಂಚುವ ಪದ್ಧತಿ ಇದೆ. ಊರಿಗೆ ಹೋಗುವ ಮುನ್ನ ತಿಳಿಸಿದರೆ ಆ ದಿನಗಳ ಲೆಕ್ಕ ಕಡಿತವಾಗುವ ನಿಯಮ ಹಲವೆಡೆ ಉಂಟು. ತಿಳಿಸದೆ ಹೋದವನು ಉಣ್ಣದ ಊಟಕ್ಕೂ ಹಣ ತೆರುತ್ತಾನೆ. ಕೋಣೆ ಮಾಡಿಕೊಂಡಿರುವ ಮೂವರು ಸೇರಿ ರಾತ್ರಿ ಅನ್ನ, ಸಾರು ಮಾಡಿಕೊಂಡರೂ ಹೋಟೆಲ್ ಖರ್ಚು ಗಣನೀಯವಾಗಿ ತಗ್ಗುತ್ತದೆ. ನಗರಗಳಲ್ಲಿ ಇಂದಿರಾ ಕ್ಯಾಂಟೀನ್‌ಗಳಿವೆ. 2017ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ನೀಡುತ್ತ ಇವು ಆರಂಭವಾದವು. ಅಲ್ಲಿ ಸಾಲಿನಲ್ಲಿ ನಿಲ್ಲಲು ಸಂಕೋಚಪಟ್ಟು ಹಸಿದಿರುವುದರಲ್ಲಿ ಯಾವ ಮರ್ಯಾದೆಯೂ ಇಲ್ಲ.

ಪುಸ್ತಕದ ಖರ್ಚಿಗೂ ಇದೇ ಮಾತು. ಹಿರಿಯ ವಿದ್ಯಾರ್ಥಿಗಳ ಪುಸ್ತಕಗಳು, ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿಗಳು, ಜಿಲ್ಲಾ ಕೇಂದ್ರ ಗ್ರಂಥಾಲಯಗಳು, ಖರಗಪುರದ ಐಐಟಿ ರೂಪಿಸಿದ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ, ಇವಿಷ್ಟನ್ನು ಹುಡುಕಿದ ಮೇಲೆಯೇ ಹೊಸ ಪುಸ್ತಕ ಕೊಳ್ಳುವುದು ಲೇಸು.

ಕಣ್ಣಿಗೆ ಕಾಣದ ಸೋರಿಕೆ

ನೋಟು ಎಣಿಸಿ ಕೊಡುವಾಗ ಕೈ ಹಿಂಜರಿಯುತ್ತದೆ. ಮೊಬೈಲಿನಲ್ಲಿ ಕೋಡ್ ಸ್ಕ್ಯಾನ್ ಮಾಡುವಾಗ ಆ ಹಿಂಜರಿಕೆ ಇಲ್ಲ. ದಿನಕ್ಕೆ 40 ರೂಪಾಯಿಯ ಚಹಾ, ಬಜ್ಜಿ ತಿಂಗಳ 26 ದಿನಗಳಲ್ಲಿ 1,040 ರೂಪಾಯಿ, ಹತ್ತು ತಿಂಗಳ ಶೈಕ್ಷಣಿಕ ವರ್ಷದಲ್ಲಿ 10,400 ರೂಪಾಯಿ. ಗೆಳೆಯರೊಂದಿಗಿನ ಚಹಾ ಬಿಡಬೇಕಾಗಿಲ್ಲ. ಲೆಕ್ಕ ಗೊತ್ತಿದ್ದರೆ ಸಾಕು. ಬಾಡಿಗೆ, ಮೆಸ್, ಪಾಸ್ ಕಳೆದು ಉಳಿದುದನ್ನು ನಾಲ್ಕು ಭಾಗ ಮಾಡಿ ವಾರಕ್ಕೊಮ್ಮೆ ನಗದು ತೆಗೆಯುವುದು ಹಳೆಯದಾದರೂ ಫಲ ಕೊಡುವ ಉಪಾಯ. ಸ್ವಂತ ಬ್ಯಾಂಕಿನ ಎಟಿಎಂನಲ್ಲಿ ತಿಂಗಳಿಗೆ ಐದು ವಹಿವಾಟು ಉಚಿತ. ಮಿತಿ ಮೀರಿದರೆ 2025ರ ಮೇ 1ರಿಂದ ಪ್ರತಿ ವಹಿವಾಟಿಗೆ 23 ರೂಪಾಯಿವರೆಗೆ ಶುಲ್ಕ ವಿಧಿಸಲು ಬ್ಯಾಂಕುಗಳಿಗೆ ಅವಕಾಶವಿದೆ.

ಇವೆಲ್ಲಕ್ಕಿಂತ ಅಪಾಯಕಾರಿಯಾದುದು ಕ್ಷಣದಲ್ಲಿ ಸಾಲ ಕೊಡುವ ಆ್ಯಪ್‌ಗಳು. 5,000 ರೂಪಾಯಿ ಸಾಲಕ್ಕೆ 600 ರೂಪಾಯಿ ಮೊದಲೇ ಮುರಿದುಕೊಂಡು 30 ದಿನಗಳಲ್ಲಿ ಪೂರ್ತಿ 5,000 ಕೇಳಿದರೆ, ಕೈಗೆ ಬಂದ 4,400ರ ಮೇಲೆ ತಿಂಗಳಿಗೇ ಶೇ. 13ಕ್ಕೂ ಹೆಚ್ಚು ಬಡ್ಡಿ ತೆತ್ತಂತೆ. ವಾರ್ಷಿಕ ಬಡ್ಡಿ ಸೇರಿದಂತೆ ಸಾಲದ ಒಟ್ಟು ವೆಚ್ಚವನ್ನು ಮುಖ್ಯ ವಿವರಗಳ ಪತ್ರದಲ್ಲಿ ಮೊದಲೇ ತಿಳಿಸಬೇಕೆಂದು 2022ರಲ್ಲಿ ರಿಸರ್ವ್ ಬ್ಯಾಂಕ್ ಆದೇಶಿಸಿತು. ಆ ಪತ್ರ ಕೊಡದ ಆ್ಯಪ್‌ನಿಂದ ದೂರವಿರುವುದೇ ಕ್ಷೇಮ.

ತಿಂಗಳ ಕೊನೆಯಲ್ಲಿ ಹಣ ಮುಗಿದರೆ ಸಾಲದ ಆ್ಯಪ್ ತೆರೆಯುವ ಮೊದಲು ಮನೆಗೊಂದು ಕರೆ ಮಾಡುವುದು, ಹಾಸ್ಟೆಲ್ ವಾರ್ಡನ್‌ಗೋ ಅಧ್ಯಾಪಕರಿಗೋ ಹೇಳಿಕೊಳ್ಳುವುದು ಅವಮಾನವಲ್ಲ. ವಾರಾನ್ನದ ಹುಡುಗ ಕೇಳಿಕೊಂಡೇ ಉಂಡ, ಉಂಡೇ ಓದಿದ. ಹೊಲದ ಬೆಳೆ ಮಾರಿ ಹಣ ಕಳುಹಿಸುವ ತಂದೆ ತಾಯಿಗಳು ಬಯಸುವುದೂ ಮಗ, ಮಗಳು ಹೊಟ್ಟೆತುಂಬ ಉಂಡು ಓದಲೆಂದೇ.